ಪೊಲಿಕಾರ್ಪೊ ಓಡಿ ತೀರಿಸಿದ ಹರಕೆ

ಪೋತ್ರೆರೋ ಇತಾ ಊರಿನಲ್ಲಿ ಯಾರಾದರೂ ತೀರಿಕೊಂಡರೆ ಒಂಬತ್ತು ಸಂಜೆ ಅವರ ಮನೆಯಲ್ಲಿ ಜಪಮಾಲೆ ನಡೆಯುತ್ತದೆ. ಕೊನೆಯ ಸಂಜೆ, ಕಪ್ಪು ಬಿಳಿ ಬಟ್ಟೆ ಹೊದಿಸಿದ ಪೀಠದ ಮೇಲಿನ ಮೇಣದಬತ್ತಿಗಳನ್ನು ಒಂದೊಂದಾಗಿ ಆರಿಸುತ್ತಾರೆ. ಕಡೆಯ ಬತ್ತಿ ಆರುವ ತನಕ ಸತ್ತವರು ಆ ಕೋಣೆಯಲ್ಲೇ ಇರುತ್ತಾರೆ. ಆರಿದ ಮೇಲೆ, ಅಲ್ಲಿ ಆಡಿದ ಮಾತುಗಳನ್ನೆಲ್ಲ ಗಂಟು ಕಟ್ಟಿಕೊಂಡು ದೇವರ ಕಡೆಗೆ ಹೊರಡುತ್ತಾರೆ. ಆದ್ದರಿಂದ ತಿಳಿದವರು ಆ ಸಂಜೆ ಪ್ರಾರ್ಥನೆಗಲ್ಲದೆ ಬೇರೆ ಯಾವುದಕ್ಕೂ ಬಾಯಿ ತೆರೆಯುವುದಿಲ್ಲ. ಪೀಠದ ಮುಂದೆ ಆಡಿದ ಮಾತು ಹರಕೆಯಾಗುತ್ತದೆ. ಅದನ್ನು ತೀರಿಸದಿದ್ದರೆ ಹೋದವರಿಗೆ ದಾರಿ ಸಾಗದು, ಉಳಿದವರ ಮೈಮೇಲಿನ ಕರಿ ಬಟ್ಟೆ ಇಳಿಯದು.

ಇದು ಆ ಊರಿನ ಕೈಕೂಸಿಗೂ ಗೊತ್ತು. ಪೊಲಿಕಾರ್ಪೊ ಕೈಕೂಸಲ್ಲ, ಐವತ್ತು ದಾಟಿದವನು. ಅವನು ಮರೆತ.

ಅವನ ತಾಯಿ, ಹಿರಿಯ ಹೆಂಗಸರನ್ನು ಊರು ಗೌರವದಿಂದ ಕರೆಯುವಂತೆ ನ್ಯಾ ಕಾಂದೆಲಾರಿಯಾ, ಎಂಟು ವರ್ಷ ಹಾಸಿಗೆ ಹಿಡಿದಿದ್ದು, ಆಗಸ್ಟ್ ತಿಂಗಳ ಕೊನೆಯಲ್ಲಿ, ಲಪಾಚೋ ಮರಗಳು ಹೂ ಉದುರಿಸುತ್ತಿದ್ದಾಗ ಕಣ್ಣು ಮುಚ್ಚಿದಳು. ಒಳ್ಳೆಯ ಜೀವ, ದೇವರು ಆಕೆಗೆ ನೆರಳು ಕೊಡಲಿ. ಆ ಎಂಟು ವರ್ಷವೂ ಆಕೆಯನ್ನು ಎತ್ತಿ ಕೂರಿಸಿದವಳು, ತೊಳೆದವಳು, ಉಣಿಸಿದವಳು ಮಗಳು ಲಿಬ್ರಾದಾ. ಮಗ ಮನೆಯ ಮುಂದಿನ ಮಾವಿನ ಮರದಡಿ ಕುಳಿತು ಊರಿನವರ ಫ್ಯಾನುಗಳನ್ನು ರಿಪೇರಿ ಮಾಡುತ್ತಿದ್ದ. ತಾಯಿ ಹೇಗಿದ್ದಾಳೆಂದು ಯಾರಾದರೂ ಕೇಳಿದರೆ, "ನೋಡ್ಕೋತಾ ಇದೀವಿ, ಏನ್ಮಾಡೋದು" ಎಂದು ನಿಟ್ಟುಸಿರು ಬಿಡುತ್ತಿದ್ದ. ಆ ನಿಟ್ಟುಸಿರನ್ನು ಊರು ಮಾತೃಭಕ್ತಿ ಎಂದು ಎಣಿಸಿತ್ತು. ಅಣ್ಣ ತಂಗಿ ಇಬ್ಬರೂ ದಪ್ಪ. ಅಣ್ಣ ಕೂತು ದಪ್ಪವಾದವನು. ತಂಗಿ, ಅಣ್ಣನೂ ತಾಯಿಯೂ ತಟ್ಟೆಯಲ್ಲಿ ಬಿಟ್ಟದ್ದನ್ನು ಚೆಲ್ಲಲಾರದೆ ತಿಂದು ದಪ್ಪವಾದವಳು.

ಒಂಬತ್ತನೆಯ ಸಂಜೆಗೆ ಬ್ಯೂನಸ್ ಐರಿಸ್‌ನಿಂದ ಚಿಕ್ಕಪ್ಪನ ಮಗ ವಾಲ್ದೆಮಾರ್ ಬಂದಿದ್ದ. ಅವನು ಆ ಮಹಾನಗರದಲ್ಲಿ ಮ್ಯಾರಥಾನ್ ಓಡಿದ್ದನಂತೆ. ನಲವತ್ತೆರಡು ಕಿಲೋಮೀಟರ್. ಓಡಿದ್ದಕ್ಕೆ ಸಾಕ್ಷಿಯಾಗಿ ಪದಕವನ್ನು ಸಾವಿನ ಮನೆಗೂ ಜೇಬಿನಲ್ಲಿಟ್ಟುಕೊಂಡು ಬಂದಿದ್ದ. ಜಪದ ನಡುವೆ ಅದು ಬೆಂಚಿನಿಂದ ಬೆಂಚಿಗೆ ಹೋಯಿತು. ಹೆಂಗಸರು ಅದನ್ನು ಯಾವುದೋ ಸಂತನ ಬಿಲ್ಲೆ ಎಂದುಕೊಂಡು ಮುತ್ತಿಟ್ಟು ಮುಂದೆ ದಾಟಿಸಿದರು.

"ಹೊಟ್ಟೆ ಕರಗಿಸ್ಬೇಕು ಪೊಲಿ," ಎಂದ ವಾಲ್ದೆಮಾರ್, ಎಲ್ಲರಿಗೂ ಕೇಳುವಂತೆ ಮೆಲ್ಲಗೆ. "ಈ ವಯಸ್ಸಲ್ಲಿ ಹೀಗೇ ಕೂತಿದ್ರೆ ಮುಂದಿನ ಜಪ ನಿಂದೇ."

ನೆರೆಮನೆಯ ನ್ಯಾ ಪೊರ್ಫಿರಿಯಾ ಬಾಯಿಗೆ ಶಾಲು ಅಡ್ಡ ಹಿಡಿದು ನಕ್ಕಳು. ಆ ನಗು ಪೊಲಿಕಾರ್ಪೊನ ಎದೆಗೆ ನಾಟಿತು. ಪೀಠದ ಮೇಲೆ ಒಂದೇ ಒಂದು ಬತ್ತಿ ಉಳಿದಿತ್ತು. ಜಪ ಹೇಳಿಸುವ ನ್ಯಾ ಬ್ಲಾಸಿಯಾ ಅದನ್ನು ಆರಿಸಲು ಕೈ ಚಾಚಿದ್ದಳು. ಇನ್ನೊಂದು ಉಸಿರು ಸುಮ್ಮನಿದ್ದಿದ್ದರೆ ಎಲ್ಲ ಸರಿಹೋಗುತ್ತಿತ್ತು.

"ಏನ್ ಮಹಾ ನಲವತ್ತೆರಡು," ಎಂದ ಪೊಲಿಕಾರ್ಪೊ ಎದ್ದು ನಿಂತು. "ಬರೋ ವರ್ಷ ಅಸುನ್ಸಿಯೋನ್ ಮ್ಯಾರಥಾನ್ ನಾನು ಓಡಿ ಮುಗಿಸ್ತೀನಿ. ನಮ್ಮಮ್ಮನಾಣೆ."

ನ್ಯಾ ಬ್ಲಾಸಿಯಾಳ ಕೈ ಹಾಗೇ ನಿಂತಿತು. ಬತ್ತಿಯ ಜ್ವಾಲೆ ಒಮ್ಮೆ ಬಾಗಿ ಎದ್ದಿತು ಎಂದು ಮುಂದೆ ಹದಿನೈದು ಜನ ಸಾಕ್ಷಿ ಹೇಳಿದರು.

"ಕೇಳಿಸ್ಕೊಂಡ್ಲು," ಎಂದಳು ಮುದುಕಿ, ಮತ್ತು ಬತ್ತಿ ಆರಿಸಿದಳು.

ಮರುದಿನ ಬೆಳಗ್ಗೆ ಪೊಲಿಕಾರ್ಪೊ ಒಂದು ಕೊಬ್ಬಿದ ಕೋಳಿಯನ್ನು ಕಂಕುಳಲ್ಲಿ ಹಿಡಿದುಕೊಂಡು ನ್ಯಾ ಬ್ಲಾಸಿಯಾಳ ಅಂಗಳಕ್ಕೆ ಹೋದ. ಆಕೆ ಮರಗೆಣಸು ಸುಲಿಯುತ್ತಿದ್ದಳು.

"ನಿನ್ನೆ ಬಾಯಿ ಜಾರ್ತು, ನ್ಯಾ ಬ್ಲಾಸಿಯಾ. ದುಃಖದಲ್ಲಿ ಮನುಷ್ಯ ಏನೇನೋ ಅಂತಾನೆ."

"ಅಂತಾನೆ. ಆಮೇಲೆ ಓಡ್ತಾನೆ."

"ಅದಕ್ಕೆ ಬದಲು ಕಾಕುಪೆಗೆ ಯಾತ್ರೆ ಹೋಗಿ ಅಲ್ಲಿನ ದೇವಮಾತೆಗೆ ದೊಡ್ಡ ಬತ್ತಿ ಹಚ್ಚಿ ಬಂದ್ರೆ?"

"ಕಾಂದೆಲಾರಿಯಾ ಬತ್ತಿ ಗಂಟು ಕಟ್ಕೊಂಡು ಹೋಗಿಲ್ಲ ಮಗ. ನಿನ್ನ ಓಟ ಕಟ್ಕೊಂಡು ಹೋಗಿದಾಳೆ. ಈಗ ದಾರಿ ಮಧ್ಯೆ ಗಂಟು ಹೊತ್ಕೊಂಡು ನಿಂತಿರ್ತಾಳೆ ಪಾಪ. ಎಂಟು ವರ್ಷ ಮಲಗಿದ್ದೋಳು, ನಿಲ್ಲೋಕಾದ್ರೂ ಶಕ್ತಿ ಬೇಡ್ವಾ?"

"ಹಾಗಾದ್ರೆ ಲಿಬ್ರಾದಾ ಓಡ್ಲಿ. ಅವಳೂ ಮಗಳೇ ತಾನೆ. ಪ್ರಾರ್ಥನೆ ಗೀರ್ಥನೆ ಎಲ್ಲಾ ಅವಳಿಗೇ ಚೆನ್ನಾಗಿ ಬರುತ್ತೆ."

ಮುದುಕಿ ಚಾಕು ಕೆಳಗಿಟ್ಟಳು. "ಬಾಯಿ ನಿಂದು, ಕಾಲೂ ನಿಂದೇ. ಲಿಬ್ರಾದಾ ಹತ್ತು ಸಲ ಓಡಿದ್ರೂ ನಿನ್ನ ಹರಕೆ ತೀರಲ್ಲ. ನೀನು ಓಡಿ ಬರೋ ತನಕ ವರ್ಷದ ಪ್ರಾರ್ಥನೆ ನಾನು ಹೇಳ್ಸಲ್ಲ. ಪ್ರಾರ್ಥನೆ ಆಗೋ ತನಕ ನಿಮ್ಮಿಬ್ಬರ ಮೈಮೇಲಿನ ಕರೀದು ಇಳಿಯಲ್ಲ. ಕೋಳೀನ ಅಲ್ಲಿ ಕಟ್ಹಾಕು, ಓಡಿ ಹೋದೀತು."

ಕೋಳಿಯನ್ನು ಬಿಟ್ಟು ಬರಿಗೈಯಲ್ಲಿ ಬಂದು ಅವನು ತಂಗಿಗೆ ತೀರ್ಪು ತಿಳಿಸಿದ. ಲಿಬ್ರಾದಾ ಬೋಗುಣಿಯನ್ನು ಬೋರಲು ಹಾಕಿ ಅದರ ಮೇಲೆ ಕುಳಿತುಬಿಟ್ಟಳು.

ಅವಳ ದುಃಖಕ್ಕೆ ಕಾರಣವಿತ್ತು. ಹೆದ್ದಾರಿಯ ಪಕ್ಕದಲ್ಲಿ ಚಿಪಾ ಎಂಬ ಗಿಣ್ಣಿನ ರೊಟ್ಟಿ ಮಾರುವ ಕರಾಯ್ ಸೆಫೆರಿನೋನ ಹೆಂಡತಿ ಸತ್ತು ಮೂರು ವರ್ಷವಾಗಿತ್ತು. ಕರಾಯ್ ಎಂದರೆ ಅಲ್ಲಿ ಯಜಮಾನರು ಎಂದ ಹಾಗೆ. ಎರಡು ಮಣ್ಣಿನ ಒಲೆ, ಹೆಂಚಿನ ಮನೆ, ಮಕ್ಕಳಿಲ್ಲ. ನ್ಯಾ ಕಾಂದೆಲಾರಿಯಾಳ ಕೊನೆಯ ದಿನಗಳಲ್ಲಿ ಅವನು ಬಂದು ಹಾಸಿಗೆಯ ಪಕ್ಕ ಟೋಪಿ ತೆಗೆದು ನಿಂತು, ಕರಿ ಬಟ್ಟೆ ಉಟ್ಟು ಬಿಟ್ಟಾದ ಮೇಲೆ ಲಿಬ್ರಾದಾಳನ್ನು ಕೊಡಬೇಕೆಂದು ಕೇಳಿದ್ದ. ತಾಯಿ ಮಾತಾಡಲಾರದೆ ಅವನ ಕೈ ಒತ್ತಿದ್ದಳು. ಆ ವಾರವೇ ಲಿಬ್ರಾದಾ ಒಂದು ನೀಲಿ ಉಡುಪು ಹೊಲಿದು ಕಪಾಟಿನಲ್ಲಿ ತೂಗುಹಾಕಿದ್ದಳು. ನಲವತ್ತಾರು ವರ್ಷದಲ್ಲಿ ಅವಳು ತನಗಾಗಿ ಹೊಲಿದುಕೊಂಡದ್ದು ಅದೊಂದೇ.

ಆ ನೀಲಿ ಉಡುಪು ಈಗ ಅಣ್ಣನ ಕಾಲಿಗೆ ಬಿದ್ದಿತ್ತು.

"ಏಳು," ಎಂದಳು ಲಿಬ್ರಾದಾ ಅವನಿಗೆ, ತಾನೇ ಎದ್ದು. "ನಾಳೆಯಿಂದ ಓಡು. ಒಬ್ನೇ ಏಳಲ್ಲ ನೀನು, ಗೊತ್ತು ನಂಗೆ. ನಾನೂ ಬರ್ತೀನಿ."

ಪೋತ್ರೆರೋ ಇತಾದಲ್ಲಿ ಯಾರೂ ಸುಮ್ಮನೆ ಓಡುವುದಿಲ್ಲ. ದನ ತಪ್ಪಿಸಿಕೊಂಡರೆ ಓಡುತ್ತಾರೆ, ಬೆಂಕಿ ಬಿದ್ದರೆ ಓಡುತ್ತಾರೆ, ಕದ್ದರೆ ಓಡುತ್ತಾರೆ. ಆದ್ದರಿಂದ ಮೊದಲ ಬೆಳಗ್ಗೆ ಕೆಂಪು ಮಣ್ಣಿನ ದಾರಿಯಲ್ಲಿ ಎರಡು ದಪ್ಪ ಕರಿ ಆಕೃತಿಗಳು ಏದುಸಿರು ಬಿಡುತ್ತ ಓಡಿದಾಗ ಇಡೀ ಬೀದಿಯ ನಾಯಿಗಳು ಅವರ ಹಿಂದೆ ಬಿದ್ದವು. ನಾಯಿಗಳ ಹಿಂದೆ ಜನ ಹೊರಬಂದರು. ಜನರ ಹಿಂದೆ ಠಾಣೆಯ ದಫೇದಾರ ಗಾಲಿಯಾನೋ ಪ್ಯಾಂಟಿನ ಗುಂಡಿ ಹಾಕಿಕೊಳ್ಳುತ್ತ ಬಂದ.

"ನಿಲ್ಲಿ. ಯಾರು ಅಟ್ಟಿಸ್ಕೊಂಡು ಬರ್ತಿದಾರೆ?"

ಪೊಲಿಕಾರ್ಪೊ ಮಂಡಿ ಹಿಡಿದು ಬಗ್ಗಿ ನಿಂತು, ಆಕಾಶದ ಕಡೆ ಬೆರಳು ತೋರಿಸಿದ.

"ಮೇಲಿಂದಾನಾ?" ದಫೇದಾರ ಗಾಬರಿಯಿಂದ ಮೇಲೆ ನೋಡಿದ.

"ಹರಕೆ, ಸಾರ್," ಎಂದಳು ಲಿಬ್ರಾದಾ. "ಅಮ್ಮನ ಮುಂದೆ ಇವನು ಮಾತು ಕೊಟ್ಟಿದಾನೆ. ಅಸುನ್ಸಿಯೋನ್‌ನಲ್ಲಿ ಓಡ್ಬೇಕು."

ದಫೇದಾರ ಟೋಪಿ ತೆಗೆದು ಶಿಲುಬೆಯ ಗುರುತು ಮಾಡಿಕೊಂಡ. ಠಾಣೆಗೆ ಹೋಗಿ ಮರಳಿ ಬಂದಾಗ ಅವನ ಕೈಯಲ್ಲಿ ಒಂದು ಹಸಿರು ರಿಬ್ಬನ್ ಇತ್ತು. "ಹೇಗೂ ಓಡ್ತಾ ಇದೀಯ ಪೊಲಿ. ಇದನ್ನೂ ಅಂಗಿಗೆ ಸಿಕ್ಕಿಸ್ಕೋ. ನಂಗೆ ಎನ್ಕಾರ್ನಾಸಿಯೋನ್‌ಗೆ ವರ್ಗ ಆಗ್ಬೇಕು. ಆರು ವರ್ಷದಿಂದ ಈ ಧೂಳಲ್ಲಿ ಕೊಳೀತಾ ಇದೀನಿ."

ಕೆಟ್ಟದ್ದು ಶುರುವಾದದ್ದೇ ಅಲ್ಲಿಂದ. ಮೈಯನ್ನು ದಂಡಿಸುವ ಹರಕೆಯೊಂದು ಊರಿನಲ್ಲಿ ಹೊರಟಿದೆ ಎಂದರೆ, ಅದು ಒಬ್ಬನದಾಗಿ ಉಳಿಯುವುದಿಲ್ಲ. ಹೋಗುವ ಗಾಡಿಯಲ್ಲಿ ಎಲ್ಲರೂ ತಮ್ಮ ತಮ್ಮ ಮೂಟೆ ಹಾಕುತ್ತಾರೆ. ಒಂದು ವಾರದಲ್ಲಿ ಪೊಲಿಕಾರ್ಪೊನ ಅಂಗಿಯ ಮೇಲೆ ಬಟ್ಟೆ ಕಾಣದಷ್ಟು ರಿಬ್ಬನ್ನುಗಳು ತುಂಬಿದವು. ಮಗಳಿಗೆ ಗಂಡು ಸಿಗಲಿ, ಅಳಿಯ ಕುಡಿತ ಬಿಡಲಿ, ಹಸು ಗಬ್ಬವಾಗಲಿ, ಪಕ್ಕದ ಮನೆಯವರ ಹಸು ಬತ್ತಿಹೋಗಲಿ. ನ್ಯಾ ಪೊರ್ಫಿರಿಯಾ ತನ್ನ ಮಂಡಿನೋವಿಗಾಗಿ ತಗಡಿನಲ್ಲಿ ಕೊರೆಸಿದ ಒಂದು ಕಾಲನ್ನೇ ಅವನ ಕೊರಳಿಗೆ ಕಟ್ಟಿದಳು. ಅವನು ಹೆಜ್ಜೆ ಹಾಕಿದರೆ ಅದು ಅಂಗಿಯ ಗುಂಡಿಗೆ ಬಡಿದು ಟಿಣ್ ಟಿಣ್ ಎನ್ನುತ್ತಿತ್ತು. ಒಬ್ಬ ರೈತ ಒಂದು ಕಲ್ಲು ತಂದು, ಕಾಕುಪೆಗೆ ಹೋಗುವವರು ಹೊರುವ ಹಾಗೆ ಇದನ್ನು ತಲೆಯ ಮೇಲೆ ಹೊತ್ತು ಓಡಿದರೆ ಪುಣ್ಯ ಹೆಚ್ಚು ಎಂದ. ಅವನನ್ನು ಸಮಾಧಾನ ಮಾಡಿ ಕಳಿಸಲು ಒಂದು ಬೆಳಗ್ಗೆ ಹಿಡಿಯಿತು.

ಚರ್ಚಿನ ಪಾದ್ರಿಗಳು ಬಂದು ಮಾವಿನ ಮರದಡಿ ಕುಳಿತು, ಇಂಥ ಆಚಾರಗಳಿಗೆ ಧರ್ಮಗ್ರಂಥದಲ್ಲಿ ಆಧಾರವಿಲ್ಲ, ದೇವರು ಕಾಲು ನೋಡುವುದಿಲ್ಲ, ಹೃದಯ ನೋಡುತ್ತಾನೆ ಎಂದು ಬಹಳ ಹೊತ್ತು ವಿವರಿಸಿದರು. ಹೊರಡುವಾಗ ಜೇಬಿನಿಂದ ಒಂದು ಬಿಳಿ ರಿಬ್ಬನ್ ತೆಗೆದರು. ಚರ್ಚಿನ ಮಾಡು ಸೋರುತ್ತಿತ್ತು.

ಇಷ್ಟೊಂದು ಜನ ಅವನ ಕಾಲನ್ನು ನಂಬಿದರು. ಆ ಕಾಲು ಊದಿದೆಯೇ ಎಂದು ಒಬ್ಬರೂ ಕೇಳಲಿಲ್ಲ.

ಪೊಲಿಕಾರ್ಪೊ ಮಾತ್ರ ಈ ಗೌರವಕ್ಕೆ ನಿಧಾನವಾಗಿ ಒಗ್ಗಿಕೊಂಡ. ಬೀದಿಯಲ್ಲಿ ಜನ ಎದ್ದು ನಿಂತು ದಾರಿ ಬಿಡುತ್ತಿದ್ದರು. ಚಿಪಾ, ಕಿತ್ತಳೆ, ತಣ್ಣನೆಯ ತೆರೆರೆ ಪಾನೀಯ ಮನೆ ಮನೆಯಿಂದ ಬರುತ್ತಿತ್ತು. ಹರಕೆಯವನಿಗೆ ಇಲ್ಲವೆನ್ನಬಾರದು ಎಂಬುದು ರೂಢಿ. ಹರಕೆಯವನು ಬೇಡವೆನ್ನಬಾರದು ಎಂಬುದನ್ನು ಅವನೇ ಸೇರಿಸಿಕೊಂಡ. ದಾರಿಬದಿಯ ಶಿಲುಬೆಗಲ್ಲಿನ ತನಕ ಓಡುವುದು, ಅಲ್ಲಿ ಯಾರದೋ ಜಗಲಿಯಲ್ಲಿ ಕುಳಿತು ಅವರ ಕಷ್ಟ ಕೇಳುತ್ತ ತಿನ್ನುವುದು, ತಿರುಗಿ ನಡೆದು ಬರುವುದು. ಹೀಗೆ ತಿಂಗಳುಗಳು ಕಳೆದವು. ಓಡಲು ಶುರುಮಾಡಿದ ಮೇಲೆ ಅವನ ತೂಕ ಹೆಚ್ಚಿತು.

ಲಿಬ್ರಾದಾ ಜಗಲಿಯಲ್ಲಿ ಕೂರುತ್ತಿರಲಿಲ್ಲ. ಅವಳ ಹೆಸರಿನಲ್ಲಿ ಹರಕೆಯಿಲ್ಲದ್ದರಿಂದ ಯಾರೂ ಅವಳನ್ನು ಕೂರಲು ಹೇಳುತ್ತಲೂ ಇರಲಿಲ್ಲ. ಅಣ್ಣ ತಿಂದು ಮುಗಿಸುವ ತನಕ ಸುಮ್ಮನೆ ನಿಲ್ಲಲಾರದೆ ಅವಳು ಹೊಳೆಯ ತನಕ ಓಡಿ ಬರುತ್ತಿದ್ದಳು. ಬರಬರುತ್ತ ಹೊಳೆಯಾಚೆಯ ಕಬ್ಬಿನ ಗದ್ದೆಯ ತನಕ. ಕರಿ ಬಟ್ಟೆ ಸಡಿಲವಾಯಿತು. ಎರಡು ಸಲ ಹಿಡಿದು ಹೊಲಿದಳು. ಕಪಾಟಿನ ನೀಲಿ ಉಡುಪನ್ನೂ ಹಿಡಿದು ಹೊಲಿದಳು. ಪೊಲಿಕಾರ್ಪೊ ಇದೊಂದನ್ನೂ ಗಮನಿಸಲಿಲ್ಲ. ತನ್ನ ಅಂಗಿಗೆ ಇಸ್ತ್ರಿ ಬೀಳುತ್ತಿಲ್ಲ ಎಂಬುದನ್ನು ಗಮನಿಸಿದ.

ಗಮನಿಸಿದವನು ಕರಾಯ್ ಸೆಫೆರಿನೋ. ಅವನು ಒಂದು ಬೆಳಗ್ಗೆ ಹೆದ್ದಾರಿಯ ಬದಿಯಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು, ಕೊಂಬಿನ ಲೋಟದಲ್ಲಿ ತೆರೆರೆ ಹೀರುತ್ತ, ಕುದುರೆ ಕೊಳ್ಳುವವನಂತೆ ಲಿಬ್ರಾದಾ ಓಡುವುದನ್ನು ನೋಡಿದ. ಮರುದಿನ ತಲೆಯ ಮೇಲೆ ಹೊರುವ ಚಿಪಾ ಬುಟ್ಟಿಯೊಂದನ್ನು ತಂದ.

"ಇದನ್ನ ಇಟ್ಕೊಂಡು ಒಂದ್ಸಲ ಓಡಿ ನೋಡ್ತೀಯಾ, ಲಿಬ್ರಾದಾ?"

"ಯಾಕೆ ಕರಾಯ್?"

"ನಮ್ಮನೆಯವಳು ಇದ್ದಾಗ ಬಸ್ಸು ಪೂರಾ ನಿಲ್ಲೋಕೆ ಮುಂಚೆನೇ ಹತ್ತಿರ್ತಿದ್ಲು. ಆಚೆ ಕಡೆ ಚಿಪಾ ಅಂಗಡಿಯವರ ಹೆಣ್ಮಕ್ಕಳು ಹತ್ತೋ ಹೊತ್ತಿಗೆ ನಮ್ಮ ಬುಟ್ಟಿ ಅರ್ಧ ಖಾಲಿ. ಈಗ ಮೂರು ವರ್ಷದಿಂದ ನಾನು ಹಿಂದೆ ಬಿದ್ದಿದೀನಿ. ನನ್ನ ಕೈ ಚಿಪಾ ಕೈ. ಕಾಲು ಇಲ್ಲ."

ಇದು ಪ್ರೀತಿಯ ಮಾತಲ್ಲ ಎಂದು ಪಟ್ಟಣದವರು ಅಂದಾರು. ಆದರೆ ಲಿಬ್ರಾದಾಳ ಮೈಯಲ್ಲಿ ಏನೋ ಒಂದು ಚೆನ್ನಾಗಿದೆ ಎಂದು ಅಲ್ಲಿಯ ತನಕ ಯಾರೂ ಹೇಳಿರಲಿಲ್ಲ. ಅವಳು ಕೆಂಪಾಗಿ, ಬಟ್ಟೆಯ ಸಿಂಬೆ ಸುತ್ತಿ, ಬುಟ್ಟಿ ಇಟ್ಟುಕೊಂಡು ಓಡಿದಳು. ಒಂದು ಚಿಪಾ ಕೂಡ ಬೀಳಲಿಲ್ಲ. ಕರಾಯ್ ಸೆಫೆರಿನೋ ಕುರ್ಚಿಯಿಂದ ಅರ್ಧ ಎದ್ದ.

"ಆಗಸ್ಟ್ ಬರ್ಲಿ," ಎಂದ. "ಒಲೆಗೆ ಹೊಸ ಮಣ್ಣು ಮೆತ್ತಿಸ್ತೀನಿ."

ಅಂದಿನಿಂದ ಬೆಳಗಿನ ದಾರಿಯಲ್ಲಿ ರಿಬ್ಬನ್ನಿನ ಮನುಷ್ಯ ಹಿಂದೆ ಹಿಂದೆ, ಬುಟ್ಟಿಯ ಹೆಂಗಸು ಮುಂದೆ ಮುಂದೆ. ಎದುರಾದ ಬಸ್ಸಿನವರು, ಯಾವುದೋ ಸಂತನ ಮೆರವಣಿಗೆ ಇರಬೇಕೆಂದು ಕಿಟಕಿಯಿಂದಲೇ ಕೈಮುಗಿಯುತ್ತಿದ್ದರು.

ಆಗಸ್ಟ್ ಬಂತು. ಓಟದ ಹಿಂದಿನ ದಿನದ ಬಸ್ಸಿಗೆ ಅಣ್ಣ ತಂಗಿಯನ್ನು ಹತ್ತಿಸಲು ಊರೇ ಬಂದಿತ್ತು. ಪಟಾಕಿ ಹಚ್ಚಿದರು. ನ್ಯಾ ಬ್ಲಾಸಿಯಾ ಪೊಲಿಕಾರ್ಪೊನ ಎರಡು ಮಂಡಿಗಳಿಗೂ ತೀರ್ಥ ಚಿಮುಕಿಸಿ, "ನಿಮ್ಮಮ್ಮ ನಿಂತಿದಾಳೆ, ಮರೀಬೇಡ" ಎಂದಳು. ಲಿಬ್ರಾದಾಳ ಮಂಡಿಯ ಪಾಲಿಗೆ ಬಾಟಲಿಯಲ್ಲಿ ನೀರು ಉಳಿದಿರಲಿಲ್ಲ. ಕರಾಯ್ ಸೆಫೆರಿನೋ ಬರುವ ಹಾಗಿರಲಿಲ್ಲ. ಒಲೆಗೆ ಮೆತ್ತಿದ ಮಣ್ಣು ಒಣಗುತ್ತಿತ್ತು. ಆದರೂ ಬಸ್ಸಿನ ಕಿಟಕಿಗೆ ಕೈಯೆತ್ತಿ ಬಿಸಿ ಚಿಪಾದ ಪೊಟ್ಟಣ ಕೊಟ್ಟ. ದಾರಿಯಲ್ಲಿ ಅದನ್ನು ಪೊಲಿಕಾರ್ಪೊ ತಿಂದ.

ಓಟದ ದಿನ ಅಸುನ್ಸಿಯೋನ್‌ನ ನದೀತೀರದ ರಸ್ತೆಯಲ್ಲಿ ಸಾವಿರಾರು ಜನ. ತೆಳ್ಳನೆಯವರು, ಬಣ್ಣದ ಬೂಟಿನವರು, ಮೊಳಕಾಲಿಗೆ ಎಣ್ಣೆ ಹಚ್ಚಿಕೊಂಡವರು. ಅವರ ನಡುವೆ ಇಬ್ಬರೇ ಕರಿ ಬಟ್ಟೆಯವರು. ಸೀಟಿ ಊದಿದಾಗ ಪೊಲಿಕಾರ್ಪೊ ಹುರುಪಿನಿಂದಲೇ ಹೊರಟ. ಮೈತುಂಬ ರಿಬ್ಬನ್ ಪಟಪಟಿಸುತ್ತಿತ್ತು, ತಗಡಿನ ಕಾಲು ಟಿಣ್ ಟಿಣ್ ಎನ್ನುತ್ತಿತ್ತು, ದಾರಿಯ ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಇರುವ ತನಕ ಅವನು ಓಡಿದ. ಬೀದಿ ಬರಿದಾದ ಮೇಲೆ ನಡೆದ. ಮೂರನೆಯ ಒಂದು ಪಾಲು ದಾರಿ ಸವೆಯುವ ಹೊತ್ತಿಗೆ ಒಂದು ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಕುಳಿತ. ಅವನು ಕುಳಿತ ರೀತಿ ಲಿಬ್ರಾದಾಗೆ ಗೊತ್ತಿತ್ತು. ಅದು ಏಳುವವನು ಕೂರುವ ರೀತಿಯಲ್ಲ.

"ಏಳೋ ಅಣ್ಣ."

"ನನ್ನ ಕೈಲಾಗಲ್ಲ."

"ಅಮ್ಮ ದಾರೀಲಿ ನಿಂತಿದಾಳೆ ಕಣೋ."

"ನಿಂತಿದ್ರೆ ಅವಳೂ ಸ್ವಲ್ಪ ಕೂತ್ಕೊಳ್ಲಿ," ಎಂದು ಪೊಲಿಕಾರ್ಪೊ ಅತ್ತೇಬಿಟ್ಟ. ದೇವರು ಆ ಮಾತನ್ನು ಕ್ಷಮಿಸಲಿ. ಅಂದು ಅವನು ಆಡಿದ ಮಾತುಗಳಲ್ಲಿ ನಿಜವಾದದ್ದು ಅದೊಂದೇ.

ಹಿಂದೆ ಬಿದ್ದವರನ್ನು ಎತ್ತಿಕೊಂಡು ಬರುವ ಬಸ್ಸು ಬಂತು. ಬಾಗಿಲಲ್ಲಿದ್ದ ಹುಡುಗಿ, "ಹತ್ತಿ ಯಜಮಾನ್ರೆ, ಒಳಗೆ ಫ್ಯಾನ್ ಇದೆ" ಎಂದಳು. ಫ್ಯಾನ್ ಎಂಬ ಮಾತು ಕೇಳಿ ಪೊಲಿಕಾರ್ಪೊ ಎದ್ದ. ಲಿಬ್ರಾದಾ ಅವನನ್ನು ತಡೆಯಲಿಲ್ಲ. ಅವನ ಅಂಗಿಯಿಂದ ರಿಬ್ಬನ್ನುಗಳನ್ನು ಪಿನ್ನಿನ ಸಮೇತ ಕಿತ್ತು ತನ್ನ ಎದೆಗೆ, ತೋಳಿಗೆ, ಬೆನ್ನಿಗೆ ಸಿಕ್ಕಿಸಿಕೊಂಡಳು. ತಗಡಿನ ಕಾಲನ್ನು ಕೊರಳಿಗೆ ಹಾಕಿಕೊಂಡಳು. ಮತ್ತೆ ತಿರುಗಿ ನೋಡದೆ ಹೊರಟಳು.

ಪೊಲಿಕಾರ್ಪೊ ಬಸ್ಸಿನಲ್ಲಿ ಕಿತ್ತಳೆ ತಿನ್ನುತ್ತ ಕೊನೆಯ ಗೆರೆಗೆ ಬಂದ. ಅಲ್ಲಿ ನೆರಳಿನಲ್ಲಿ ನಿದ್ದೆ ಮಾಡಿದ. ಎದ್ದಾಗ ಡೇರೆಗಳನ್ನು ಬಿಚ್ಚುತ್ತಿದ್ದರು. ಆಗ ಖಾಲಿ ರಸ್ತೆಯ ಕೊನೆಯಲ್ಲಿ ಒಂದು ಕರಿ ಚುಕ್ಕೆ ಕಾಣಿಸಿತು. ತಲೆಯ ಮೇಲೆ ಬುಟ್ಟಿಯಿದ್ದವಳಂತೆ ಕತ್ತು ನೆಟ್ಟಗೆ, ನಡು ಅಲ್ಲಾಡದೆ, ಒಂದೇ ಸಮನೆ ಓಡಿಬಂದು ಲಿಬ್ರಾದಾ ಗೆರೆ ದಾಟಿದಳು. ಪದಕ ಕೊಡುವವನು ಕಟ್ಟಿಟ್ಟ ಪೆಟ್ಟಿಗೆಯನ್ನು ಮತ್ತೆ ಬಿಚ್ಚಿ ಹುಡುಕಿ ಒಂದನ್ನು ಅವಳ ಕೊರಳಿಗೆ ಹಾಕಿದ. ಚಪ್ಪಾಳೆ ತಟ್ಟಲು ಗುಡಿಸುವವಳೊಬ್ಬಳಿದ್ದಳು. ಪೊರಕೆಯನ್ನು ಕಂಕುಳಲ್ಲಿಟ್ಟುಕೊಂಡು ತಟ್ಟಿದಳು.

ಲಿಬ್ರಾದಾ ರಸ್ತೆಯಂಚಿನಲ್ಲಿ ಕುಳಿತು ಬೂಟು ಬಿಚ್ಚಿದಳು. ಕಾಲುಚೀಲ ರಕ್ತದಲ್ಲಿ ಅಂಟಿಕೊಂಡಿತ್ತು. ಅವಳ ಮುಖದಲ್ಲಿ ಪೊಲಿಕಾರ್ಪೊ ಎಂದೂ ಕಾಣದ ಒಂದು ಬೆಳಕಿತ್ತು. ಸ್ವಲ್ಪ ಹೊತ್ತಿಗೆ ಅದು ಹೋಯಿತು. ಅವಳು ಪದಕ ತೆಗೆದು ಅವನ ಕೊರಳಿಗೆ ಹಾಕಿದಳು.

"ಇದೇನೇ? ಓಡಿದ್ದು ನೀನಲ್ವಾ."

"ಮಾತು ಕೊಟ್ಟಿದ್ದು ನೀನು. ನನ್ನ ಕಾಲನ್ನ ನ್ಯಾ ಬ್ಲಾಸಿಯಾ ಒಪ್ಪಲ್ಲ, ಅವತ್ತೇ ಅಂದಿದಾಳೆ. ಇನ್ನೊಂದು ವರ್ಷ ಕಾಯೋಕೆ ಕರಾಯ್ ಸೆಫೆರಿನೋ ತಯಾರಿಲ್ಲ. ನನಗೂ ವಯಸ್ಸು ನಿಂತಿಲ್ಲ."

"ಅಮ್ಮಂಗೆ?"

"ಅಮ್ಮಂಗೆ ಗೊತ್ತು. ಕೊನೇ ಗುಡ್ಡ ಹತ್ತೋವಾಗ ಜೊತೇಲಿ ಅವಳೇ ಇದ್ದಿದ್ದು. ಅವಳ ಹತ್ರ ನಾನು ಮಾತಾಡ್ಕೋತೀನಿ." ಅವಳು ಕಾಲುಚೀಲವನ್ನು ಮೆಲ್ಲಗೆ ಸುಲಿದಳು. "ಒಂದೇ ಕೆಲಸ ಮಾಡು ಅಣ್ಣ. ಕರಾಯ್ ಸೆಫೆರಿನೋ ಒಬ್ರೇ ಸಿಕ್ಕಾಗ ನಿಜ ಏನು ಅಂತ ಹೇಳ್ಬಿಡು. ನಾನು ಹೇಳಿದ್ರೆ ಜಂಬ ಅಂದ್ಕೋತಾರೆ. ಅವ್ರು ಬಾಯಿ ಬಿಡೋರಲ್ಲ."

"ಹೇಳ್ತೀನಿ," ಎಂದ ಪೊಲಿಕಾರ್ಪೊ, ಪದಕವನ್ನು ಅಂಗೈಯಲ್ಲಿ ತೂಗಿ ನೋಡುತ್ತ.

ವರ್ಷದ ಪ್ರಾರ್ಥನೆಗೆ ಕಾಲಿಡಲು ಜಾಗವಿರಲಿಲ್ಲ. ಪೀಠದ ಮುಂದೆ ನಿಂತು ನ್ಯಾ ಬ್ಲಾಸಿಯಾ ಕೇಳಿದಳು: "ಪೊಲಿಕಾರ್ಪೊ, ಕೊಟ್ಟ ಮಾತು ಸಂದಾಯ ಆಯ್ತಾ?"

ಪೊಲಿಕಾರ್ಪೊ ಏನೂ ಹೇಳದೆ ಅಂಗಿಯ ಗುಂಡಿ ಬಿಚ್ಚಿ ಪದಕ ತೋರಿಸಿದ. ಪೀಠದ ಮುಂದೆ ಸುಳ್ಳಾಡಬಾರದೆಂಬುದು ಅವನಿಗೆ ಈ ಸಲ ನೆನಪಿತ್ತು. ಗುಂಡಿ ಬಿಚ್ಚುವುದು ಮಾತಲ್ಲ. ಕೋಣೆಯಲ್ಲಿ ಎಲ್ಲರೂ ಶಿಲುಬೆಯ ಗುರುತು ಮಾಡಿಕೊಂಡರು. ನ್ಯಾ ಪೊರ್ಫಿರಿಯಾ ಆಗಿಂದಾಗಲೇ ಮಂಡಿ ಮಡಿಸಿ ನೋಡಿ, ಸ್ವಲ್ಪ ಸಡಿಲವಾಗಿದೆ ಎಂದಳು. ದಫೇದಾರ ಗಾಲಿಯಾನೋ ಪೊಲಿಕಾರ್ಪೊನ ಕೈ ಕುಲುಕಿದ; ವರ್ಗದ ಆದೇಶ ಬಂದಿತ್ತು, ಎನ್ಕಾರ್ನಾಸಿಯೋನ್‌ಗಲ್ಲ, ಇನ್ನೂ ಧೂಳಿನ ಊರಿಗೆ, ಆದರೂ ವರ್ಗ ವರ್ಗವೇ.

"ನೀನೇನೇ ಲಿಬ್ರಾದಾ?" ಎಂದು ಯಾರೋ ಹಿಂದಿನಿಂದ ಕೇಳಿದರು. "ನೀನೂ ಓಡೋಕೆ ಹೋಗಿದ್ಯಲ್ಲ."

ಬತ್ತಿಗಳು ಉರಿಯುತ್ತಿದ್ದವು. ಲಿಬ್ರಾದಾ ತಾಯಿಯ ಚಿತ್ರವನ್ನೇ ನೋಡುತ್ತಿದ್ದಳು.

"ನಾನು ಮಧ್ಯದಲ್ಲೇ ಕೂತ್ಬಿಟ್ಟೆ," ಎಂದಳು. "ಬಸ್ಸಲ್ಲಿ ಬಂದೆ."

ಜನ ನಕ್ಕರು. ಕೆಟ್ಟ ನಗುವಲ್ಲ, ಮನೆಯವರ ನಗು. "ಪಾಪ, ಮೈ ಬೇರೆ ಹಾಗೆ," ಎಂದರು. ಬಾಗಿಲ ಬಳಿ ನಿಂತಿದ್ದ ಕರಾಯ್ ಸೆಫೆರಿನೋ ನಗಲಿಲ್ಲ. ಟೋಪಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ.

ಸಮಾಧಿಯ ಶಿಲುಬೆಯ ಕರಿ ವಸ್ತ್ರ ತೆಗೆದು ಕಸೂತಿ ಹಾಕಿದ ಬಿಳಿಯದನ್ನು ಹೊದಿಸಿದರು. ಅದರ ತೋಳುಗಳಿಗೆ ಊರಿನ ರಿಬ್ಬನ್ನುಗಳನ್ನೆಲ್ಲ ಕಟ್ಟಿದರು. ಪಿನ್ನು ಚುಚ್ಚಿದ್ದ ಕಡೆ ಕೆಲವುಗಳ ಮೇಲೆ ಕಂದು ಕಲೆಗಳಿದ್ದವು. ಪೊಲಿಕಾರ್ಪೊನ ರಕ್ತ ಎಂದು ಹೆಂಗಸರು ಅವುಗಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಮನೆಗೆ ಬಂದ ಮೇಲೆ ಲಿಬ್ರಾದಾ ಕಪಾಟು ತೆರೆದು ನೀಲಿ ಉಡುಪು ತೊಟ್ಟಳು. ಅದು ಅವಳಿಗೆ ಚೆನ್ನಾಗಿ ಒಪ್ಪುತ್ತಿತ್ತು.

ಸಂಜೆಗೆ ಮುಂಚೆ ಕರಾಯ್ ಸೆಫೆರಿನೋ ಬಂದ. ಮಾವಿನ ಮರದಡಿ ಪೊಲಿಕಾರ್ಪೊನ ಎದುರು ಕುಳಿತ. ಬೇರೆ ಯಾರೂ ಇರಲಿಲ್ಲ. ಲಿಬ್ರಾದಾ ಒಳಬಾಗಿಲಲ್ಲಿ, ಇಬ್ಬರಿಗೂ ಕಾಣುವ ಹಾಗೆ, ಒಂದು ತಟ್ಟೆ ಒರೆಸುತ್ತ ನಿಂತಳು. ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸುತ್ತಿದ್ದಳು.

"ನೋಡು ಪೊಲಿಕಾರ್ಪೊ, ನಾನು ನೇರ ಮಾತಾಡೋನು," ಎಂದ ಕರಾಯ್ ಸೆಫೆರಿನೋ. "ಹುಡುಗಿ ಬಗ್ಗೆ ಒಂದು ಕೆಟ್ಟ ಮಾತಿಲ್ಲ. ಅವಳ ಕೈ ಚಿನ್ನ. ಆದ್ರೆ ಹೆದ್ದಾರಿ ಬಸ್ಸು ಮಧ್ಯದಲ್ಲಿ ಕೂತ್ಕೊಳ್ಳೋರಿಗೆ ಕಾಯಲ್ಲ. ಈಗ ಓಡ್ತಾಳೆ, ಚೆನ್ನಾಗೇ ಓಡ್ತಾಳೆ, ನಾನೇ ನೋಡಿದೀನಿ. ಕೊನೇ ತನಕ ತಡೀತಾಳಾ ಅನ್ನೋದು ನಂಗೆ ಗೊತ್ತಾಗ್ಬೇಕಿತ್ತು. ಗೊತ್ತಾಯ್ತು."

ಪೊಲಿಕಾರ್ಪೊ ಬಾಯಿ ತೆರೆದ.

"ಪೊರ್ಫಿರಿಯಾ ಅಣ್ಣನ ಮಗಳು ಒಬ್ಳಿದಾಳೆ, ಯೂತಿ ಊರಿನ ಕಡೆ. ಸಣಕಲು. ಆದ್ರೂ ಗಟ್ಟಿ ಅಂತಾರೆ," ಎಂದು ಮುಂದುವರಿಸಿದ ಕರಾಯ್ ಸೆಫೆರಿನೋ. "ನಿನ್ನ ಹತ್ರ ಒಂದ್ಮಾತು ಕೇಳೋಣ ಅಂತ ಬಂದೆ. ನೀನು ಜೊತೇಲಿ ಓಡಿದೋನು. ಅವಳು ನಿಜವಾಗ್ಲೂ ಅಷ್ಟು ಬೇಗ ಕೂತ್ಬಿಟ್ಳಾ?"

ಒಂದೇ ಒಂದು ಮಾತು ಸಾಕಾಗಿತ್ತು. ಇಡೀ ವರ್ಷ ಬೇಡದ ಕಡೆಯೆಲ್ಲ ತೆರೆದಿದ್ದ ಬಾಯಿ ಅದು. ಬಾಗಿಲಲ್ಲಿ ತಟ್ಟೆ ಒರೆಸುವ ಕೈ ನಿಂತಿತ್ತು. ಅಡಿಗೆಮನೆಯಿಂದ ಗಿಣ್ಣು ಹಾಕಿ ಬೇಯಿಸುತ್ತಿದ್ದ ಮರಗೆಣಸಿನ ರೊಟ್ಟಿಯ ಪರಿಮಳ ಬಂತು. ಪೊಲಿಕಾರ್ಪೊ ಅದನ್ನು ಮೂಗಿನ ತುಂಬ ಎಳೆದುಕೊಂಡ. ಅವನು ಆಗ ಏನು ಯೋಚಿಸಿದನೋ ದೇವರಿಗೆ ಗೊತ್ತು. ಅಸುನ್ಸಿಯೋನ್‌ನಲ್ಲಿ ತಂಗಿಗೆ ಹೇಳುತ್ತೇನೆಂದು ಮಾತು ಕೊಟ್ಟಾಗ ಎದುರಿಗೆ ಪೀಠವಿರಲಿಲ್ಲ, ಉರಿಯುವ ಬತ್ತಿಯೂ ಇರಲಿಲ್ಲ. ಗುಡಿಸುವವಳೊಬ್ಬಳು ದೂರದಲ್ಲಿದ್ದಳು, ಅಷ್ಟೇ.

"ಅವಳೇ ಹೇಳಿದ್ಲಲ್ಲ, ಕರಾಯ್," ಎಂದ ಪೊಲಿಕಾರ್ಪೊ. "ಅಮ್ಮನ ಮುಂದೆ."

ಕರಾಯ್ ಸೆಫೆರಿನೋ ತಲೆಯಾಡಿಸಿ ಎದ್ದ. ಬಾಗಿಲ ಕಡೆ ತಿರುಗಿ ಟೋಪಿ ಮುಟ್ಟಿಕೊಂಡ. ಲಿಬ್ರಾದಾ ತಟ್ಟೆಯನ್ನು ಕಪಾಟಿನಲ್ಲಿಟ್ಟು ರೊಟ್ಟಿ ಮಗುಚಲು ಒಳಗೆ ಹೋದಳು. ಅಂದು ಅಣ್ಣನಿಗೆ ಬಡಿಸುವಾಗಲೂ ಅವಳು ಏನೂ ಹೇಳಲಿಲ್ಲ. ಅವಳು ಏನಾದರೂ ಹೇಳಿದ್ದರೆ ಅವನಿಗೆ ಊಟ ರುಚಿಸುತ್ತಿರಲಿಲ್ಲ. ಹೇಳದ್ದರಿಂದ ಎರಡು ಸಲ ಬಡಿಸಿಕೊಂಡ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಅವನು ಮಾವಿನ ಮರದಡಿ ಬಂದು ಕುಳಿತಾಗ ದಿನದ ಬಿಸಿ ಮಾತೆ ಕಷಾಯ ಇಟ್ಟಿರಲಿಲ್ಲ. ಗೇಟು ತೆರೆದಿತ್ತು. ಕೆಂಪು ದಾರಿಯಲ್ಲಿ, ಶಿಲುಬೆಗಲ್ಲು ದಾಟಿ, ಹೊಳೆಯ ಕಡೆಗೆ ಒಂದು ನೀಲಿ ಬಟ್ಟೆ ಹೋಗುತ್ತಿತ್ತು. ಬುಟ್ಟಿಯಿಲ್ಲ, ರಿಬ್ಬನ್ನಿಲ್ಲ. ನಾಯಿಗಳು ಕೂಡ ಬೊಗಳಲಿಲ್ಲ, ಅವುಗಳಿಗೆ ಅಭ್ಯಾಸವಾಗಿತ್ತು.

ನ್ಯಾ ಪೊರ್ಫಿರಿಯಾ ಬೇಲಿಯ ಮೇಲಿಂದ ಇಣುಕಿದಳು. "ಹರಕೆ ತೀರ್ತಲ್ಲ ಪೊಲಿ. ಇವಳ್ಯಾಕೆ ಇನ್ನೂ ಓಡ್ತಿದಾಳೆ?" ಉತ್ತರಕ್ಕೆ ಕಾಯದೆ ತಾನೇ ಹೇಳಿದಳು: "ಓ, ಪ್ರಾಯಶ್ಚಿತ್ತಕ್ಕೆ. ಮಧ್ಯದಲ್ಲಿ ಕೂತಿದ್ದಕ್ಕೆ. ಒಳ್ಳೇದು, ಒಳ್ಳೇದು. ದೇವರು ನೋಡ್ತಾನೆ."

"ನೋಡ್ತಾನೆ," ಎಂದ ಪೊಲಿಕಾರ್ಪೊ. ಕೊರಳಿನ ಪದಕವನ್ನು ಅಂಗಿಯೊಳಗೆ ಹಾಕಿ ಗುಂಡಿ ಹಾಕಿಕೊಂಡ. ಬೆಳಗಿನ ಚಳಿಗೆ ಅದು ಎದೆಯ ಮೇಲೆ ತಣ್ಣಗಿತ್ತು. ಆಮೇಲೆ ಯಾರದೋ ಮನೆಯ ಫ್ಯಾನನ್ನು ಮಡಿಲಿಗೆಳೆದುಕೊಂಡು ಬಿಚ್ಚತೊಡಗಿದ. ಅವಳು ತಿರುಗಿ ಬಂದು ಒಲೆ ಹಚ್ಚುವ ತನಕ ಹೊತ್ತು ಹೋಗಬೇಕಿತ್ತು.